ಜಿಗಣೆಪ್ಪನವರ ಮುದಿ ಕುರಿ

ಜಿಗಣೆಪ್ಪ ಎನ್ನುವುದು ಹೆತ್ತವರಿಟ್ಟ ಹೆಸರಲ್ಲ. ಯಾವ ತಾಯಿಗೂ ಅಷ್ಟು ಕಲ್ಲು ಮನಸ್ಸಿರುವುದಿಲ್ಲ. ಅದು ಆಫೀಸು ಇಟ್ಟ ಹೆಸರು. ಸಂಬಳದ ಚೀಟಿಯೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಅದೇ ಚಾಲ್ತಿಯಲ್ಲಿತ್ತು. ಹಿಂದಿನಿಂದ ಕರೆಯುವಾಗ ಬರೀ ಜಿಗಣೆ, ಎದುರಿಗೆ ಜಿಗಣೆಪ್ಪನವರು. ಅವರಿಗೂ ಅದು ಎಷ್ಟು ಒಗ್ಗಿಹೋಗಿತ್ತೆಂದರೆ, ಬ್ಯಾಂಕಿನಲ್ಲಿ ಯಾರಾದರೂ ನಿಜವಾದ ಹೆಸರು ಹಿಡಿದು ಕೂಗಿದರೆ ಅಕ್ಕಪಕ್ಕದವರ ಮುಖ ನೋಡುತ್ತಿದ್ದರು.

ಹೆಸರಿಗೆ ಕಾರಣ ಅವರ ಕೆಲಸ. ಅವರ ಕಂಪನಿ ಮಾಡುತ್ತಿದ್ದುದು ಡೀಬಗರ್ ಎಂಬ ಸಾಮಾನು. ಹಾಗೆಂದರೇನು ಎಂದು ನೆಂಟರು ಕೇಳಿದಾಗಲೆಲ್ಲ ಜಿಗಣೆಪ್ಪನವರು ಒಂದೇ ವಿವರಣೆ ಕೊಡುತ್ತಿದ್ದರು. ಕಂಪ್ಯೂಟರಿನಲ್ಲಿ ಒಂದು ಪ್ರೋಗ್ರಾಂ ತನ್ನ ಪಾಡಿಗೆ ಓಡುತ್ತಿರುತ್ತದೆ, ಎಲ್ಲೋ ಕಾಯಿಲೆ ಇದೆ, ಆದರೆ ಅದನ್ನು ನಿಲ್ಲಿಸಿ ಮಲಗಿಸಿ ನೋಡುವ ಹಾಗಿಲ್ಲ. ಆಗ ಈ ಡೀಬಗರ್ ಜಿಗಣೆಯ ಹಾಗೆ ಹೋಗಿ ಅದಕ್ಕೆ ಕಚ್ಚಿಕೊಳ್ಳುತ್ತದೆ, ಒಂದು ಗಳಿಗೆ ಹಿಡಿದು ನಿಲ್ಲಿಸುತ್ತದೆ, ಹೊಟ್ಟೆಯೊಳಗೆ ಏನಿದೆ ಎಂದು ಓದುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ಬಿಟ್ಟ ಮೇಲೆ ಪ್ರೋಗ್ರಾಂ ಏನೂ ಆಗಿಲ್ಲವೆಂಬಂತೆ ಮತ್ತೆ ಓಡಬೇಕು. ಸಾಯಬಾರದು. ಸತ್ತರೆ ಅದು ಜಿಗಣೆಯಲ್ಲ, ಹುಲಿ. ಇದಿಷ್ಟು ಸರಿಯಾಗಿ ನಡೆಯುತ್ತಿದೆಯೇ ಎಂದು ದಿನದಿನವೂ ಪರೀಕ್ಷೆ ಮಾಡುವುದು ಅವರ ಉದ್ಯೋಗ. ಕೇಳಿದ ನೆಂಟರು ತಲೆಯಾಡಿಸಿ, ಮಗಳ ಮದುವೆ ಯಾವಾಗ ಎಂದು ಮಾತು ತಿರುಗಿಸುತ್ತಿದ್ದರು. ಅವರಿಗೆ ಮಗಳೇ ಇರಲಿಲ್ಲ ಎಂಬುದು ಬೇರೆ ಮಾತು.

ಜಿಗಣೆ ಇದ್ದ ಮೇಲೆ ಅದಕ್ಕೆ ಕಚ್ಚಿಕೊಳ್ಳಲು ಒಂದು ಪ್ರಾಣಿ ಬೇಡವೇ? ಅದಕ್ಕೆಂದೇ ಜಿಗಣೆಪ್ಪನವರು ಪುಟ್ಟ ಪುಟ್ಟ ಪ್ರೋಗ್ರಾಂ ಬರೆಯುತ್ತಿದ್ದರು. ಆಫೀಸಿನಲ್ಲಿ ಅವುಗಳಿಗೆ ಕುರಿ ಎಂದು ಹೆಸರು. ಕಂಪ್ಯೂಟರಿನಲ್ಲೂ ಅವೆಲ್ಲಕ್ಕೂ 'ಕುರಿ' ಎಂಬ ಅದೊಂದೇ ಹೆಸರು. ಕುರಿಗೆ ಕೆಲಸವೆಂದರೆ ಇಷ್ಟೇ: ಹುಟ್ಟುವುದು, ಒಂದು, ಎರಡು, ಮೂರು ಎಂದು ಸೆಕೆಂಡು ಎಣಿಸುತ್ತ ನಿಲ್ಲುವುದು, ಜಿಗಣೆ ಬಂದರೆ ಕಚ್ಚಿಸಿಕೊಳ್ಳುವುದು. ಜಿಗಣೆ ಬಾರದೇ ಹೋದರೆ ಅನಾಥವಾಗಿ ಅಲೆಯಬಾರದೆಂದು ಕೊನೆಗೊಂದು ಸಾಲು ಇರುತ್ತಿತ್ತು. ಹತ್ತು ನಿಮಿಷವಾದರೆ ತಾನಾಗಿಯೇ ಸಾಯಬೇಕು. ಎಷ್ಟೋ ಸರಕಾರಿ ಇಲಾಖೆಗಳಲ್ಲೂ ಇಲ್ಲದ ಶಿಸ್ತು ಅದು.

ಕುರಿಯ ಹೊಟ್ಟೆಯಲ್ಲಿ ಓದಲು ಏನಾದರೊಂದು ಇರಬೇಕು. ಬೇರೆಯವರಾದರೆ 'ನಮಸ್ಕಾರ' ಎಂದೋ 'ಪರೀಕ್ಷೆ' ಎಂದೋ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ಜಿಗಣೆಪ್ಪನವರು ಮಾತ್ರ ಆ ದಿನ ತಾವು ಮಾಡಬೇಕಾದ ಮನೆಗೆಲಸವನ್ನು ಬರೆಯುತ್ತಿದ್ದರು. 'ಬರುವಾಗ ಸೊಪ್ಪು.' 'ಚಪ್ಪಲಿ ಹೊಲಿಸು.' 'ಗ್ಯಾಸಿನವನಿಗೆ ಹೇಳು.' ಹೆಂಡತಿ ಹೇಳಿದ್ದು ಮರೆಯಬಾರದೆಂದು ಶುರುವಾದ ಅಭ್ಯಾಸ. ಆದರೆ ಮಾತು ದಿನಕ್ಕೊಂದು. ಅದನ್ನು ಜಿಗಣೆ ಸರಿಯಾಗಿ ಓದಿತೇ ಎಂದು ಹೋಲಿಸಲು ದಿನವೂ ಪರೀಕ್ಷೆಯನ್ನು ತಿದ್ದಬೇಕು. ಅಷ್ಟು ತಾಪತ್ರಯ ಯಾರಿಗೆ ಬೇಕು? ಅದಕ್ಕೆ ಅವರು ಒಂದು ಸುಲಭದ ದಾರಿ ಹುಡುಕಿದ್ದರು. ಜಿಗಣೆ ಏನಾದರೊಂದು ಓದಿಕೊಂಡು ಬಂದು, ಕಚ್ಚಿಸಿಕೊಂಡ ಕುರಿ ಆಮೇಲೂ ಬದುಕಿದ್ದರೆ ಸಾಕು, ಪಾಸು. ಸೊಪ್ಪೋ ಚಪ್ಪಲಿಯೋ ಎಂದು ಪರೀಕ್ಷೆ ಕೇಳುತ್ತಿರಲಿಲ್ಲ. ಆ ಸಣ್ಣ ಸೋಮಾರಿತನವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಜಿಗಣೆಪ್ಪನವರು ಇಟ್ಟುಕೊಳ್ಳಲಿಲ್ಲ.

ಆಫೀಸಿನ ಮುಂಬಾಗಿಲಲ್ಲೇ, ಬಂದವರ ಕಣ್ಣಿಗೆ ಮೊದಲು ಬೀಳುವ ಹಾಗೆ ಒಂದು ದೊಡ್ಡ ಬೋರ್ಡಿತ್ತು. ಅದರಲ್ಲಿ ನಲವತ್ತೊಂದು ಚೌಕ, ಒಂದೊಂದು ಪರೀಕ್ಷೆಗೆ ಒಂದೊಂದು. ಪಾಸಾದರೆ ಹಸಿರು, ಫೇಲಾದರೆ ಕೆಂಪು. ಆರು ವರ್ಷದಿಂದ ಆ ಬೋರ್ಡಿನಲ್ಲಿ ಕೆಂಪು ಕಂಡವರಿಲ್ಲ. ಮೇಲಧಿಕಾರಿಗಳು ಬೆಳಗ್ಗೆ ಬಂದವರೇ ಅದರ ಮುಂದೆ ಕೈಕಟ್ಟಿ ನಿಂತು ಒಂದು ನಿಮಿಷ ಕಣ್ತುಂಬ ನೋಡಿ ಒಳಗೆ ಹೋಗುತ್ತಿದ್ದರು. ಅದಕ್ಕೇ ಅವರಿಗೆ ಹಸಿರು ಸಾಹೇಬರು ಎಂದು ಹೆಸರು ಬಿದ್ದಿತ್ತು. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎನ್ನುತ್ತಾರೆ. ಸಾಹೇಬರ ಕಾಯಿಲೆಯ ಬಣ್ಣ ಬೇರೆ, ಅಷ್ಟೇ ವ್ಯತ್ಯಾಸ.

ಮುಂದಿನ ತಿಂಗಳು ಜಿಗಣೆಪ್ಪನವರಿಗೆ ಐವತ್ತೆಂಟು ತುಂಬುತ್ತಿತ್ತು. ತುಂಬಿದ ದಿನವೇ ಮನೆಗೆ ಕಳಿಸುವುದು ಕಂಪನಿಯ ಕಟ್ಟಳೆ. ಆದರೆ ಸಾಹೇಬರು ಕರೆದು ಬೆನ್ನು ತಟ್ಟಿದ್ದರು. ಗುರುವಾರ ಡೀಬಗರಿನ ಹೊಸ ಆವೃತ್ತಿ ಬಿಡುಗಡೆ, ಅದೇ ಸಭೆಯಲ್ಲಿ ಆರು ವರ್ಷ ಒಂದೂ ಕೆಂಪಿಲ್ಲದ ಸಾಧನೆಗೆ ಅವರಿಗೊಂದು ಬೆಳ್ಳಿಬಣ್ಣದ ಬಟ್ಟಲು, ಅದರ ಬೆನ್ನಿಗೇ ಇನ್ನೆರಡು ವರ್ಷದ ಮುಂದುವರಿಕೆ. ಜಿಗಣೆಪ್ಪನವರಿಗೆ ಬಟ್ಟಲಿನ ಆಸೆ ಇರಲಿಲ್ಲ. ಆ ಎರಡು ವರ್ಷದ ಆಸೆ ಮಾತ್ರ ಬಹಳ ಇತ್ತು. ಮನೆಯಲ್ಲಿ ಹಗಲು ಹೊತ್ತು ಹೇಗಿರುತ್ತದೆಂದೇ ಅವರಿಗೆ ಗೊತ್ತಿರಲಿಲ್ಲ. ಮುಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಅಂಗಡಿ, ಹೊಲಿಗೆ ಯಂತ್ರ, ಕತ್ತರಿಸಿದ ಬಟ್ಟೆಯ ರಾಶಿ, ಅಳತೆ ಕೊಡಲು ಬರುವ ಹೆಂಗಸರು. ಅದರ ನಡುವೆ ತಾವು ಎಲ್ಲಿ ಕೂರುವುದು ಎಂಬುದೇ ಅವರ ದೊಡ್ಡ ಚಿಂತೆಯಾಗಿತ್ತು.

ಇಂಥ ಹೊತ್ತಿನಲ್ಲಿ ಪಂಪಿನಮ್ಮನ ಹನ್ನೊಂದನೆಯ ಕಾಗದ ಬಂತು.

ಪಂಪಿನಮ್ಮ ಎಂದರೆ ನೀರು ಸರಬರಾಜು ಕಚೇರಿಯ ಒಬ್ಬ ಇಂಜಿನಿಯರು. ಊರಿಗೆ ನೀರೆತ್ತುವ ಪಂಪುಗಳ ಪ್ರೋಗ್ರಾಂ ನೋಡಿಕೊಳ್ಳುವುದು ಅವರ ಪಾಲಿನ ಕೆಲಸ. ಮೂರು ವರ್ಷದಿಂದ ಅವರು ಒಂದೇ ದೂರನ್ನು, ಒಂದೇ ದುಂಡಗಿನ ಅಕ್ಷರದಲ್ಲಿ, ನಂಬರು ಹಾಕಿ ಬರೆಯುತ್ತಿದ್ದರು. ತಮ್ಮ ಪ್ರೋಗ್ರಾಮಿಗೆ ನಿಮ್ಮ ಡೀಬಗರ್ ಅಂಟಿಕೊಳ್ಳುತ್ತದೆ, ಬಿಡುವಾಗ ಕೊಂದು ಹೋಗುತ್ತದೆ, ಪಂಪು ನಿಲ್ಲುತ್ತದೆ, ದಯವಿಟ್ಟು ನೋಡಿ. ಪ್ರತಿ ಸಲವೂ ಆಫೀಸಿನಿಂದ ಒಂದೇ ಉತ್ತರ ಹೋಗುತ್ತಿತ್ತು: ನಮ್ಮ ನಲವತ್ತೊಂದು ಪರೀಕ್ಷೆಗಳೂ ಪಾಸಾಗಿವೆ, ದೋಷ ನಿಮ್ಮಲ್ಲಿಯೇ ಇರಬೇಕು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸಾಹೇಬರು ನಗುತ್ತಿದ್ದರು. ಉತ್ತರದ ಕೆಳಗೆ ಸಹಿ ಜಿಗಣೆಪ್ಪನವರದು. ಹತ್ತು ಕಾಗದಕ್ಕೆ ಹತ್ತು ಸಹಿ.

ಹನ್ನೊಂದನೆಯ ಕಾಗದ ಮಾತ್ರ ಆಫೀಸಿನ ಹೆಸರಿಗಿರಲಿಲ್ಲ, ಅವರ ಹೆಸರಿಗೇ ಬಂದಿತ್ತು. ಕಳೆದ ವಾರ ಅರ್ಧ ಊರಿಗೆ ಎರಡು ದಿನ ನೀರಿರಲಿಲ್ಲ. ಹೊಣೆಯನ್ನು ಪಂಪಿನಮ್ಮನ ತಲೆಗೆ ಕಟ್ಟಿದ್ದಾರೆ. ಶುಕ್ರವಾರ ಬೆಳಗ್ಗೆ ವಿಚಾರಣೆ. ತಪ್ಪು ಡೀಬಗರಿನದು ಎಂದು ಅವರು ಹೇಳಿದರೆ, ಮೇಲಿನವರು ಜಿಗಣೆಪ್ಪನವರ ಹತ್ತು ಉತ್ತರಗಳನ್ನು ಎತ್ತಿ ತೋರಿಸುತ್ತಾರೆ. ಕೆಲಸ ಹೋಗುವುದು ಬಹುತೇಕ ಖಚಿತ. 'ತಾವು ಖುದ್ದಾಗಿ ಒಮ್ಮೆ ನೋಡಿದ್ದೀರಾ, ಅಥವಾ ಬೋರ್ಡು ನೋಡಿ ಸಹಿ ಹಾಕಿದ್ದೀರಾ, ಅಷ್ಟು ತಿಳಿಸಿದರೆ ಸಾಕು' ಎಂದು ಕಾಗದ ಮುಗಿದಿತ್ತು.

ಜಿಗಣೆಪ್ಪನವರಿಗೆ ಸಿಟ್ಟು ಬಂತು. ಬೋರ್ಡು ನೋಡಿಯೇ ಸಹಿ ಹಾಕಿದ್ದವರಿಗೆ ಬರುವಂಥ ಸಿಟ್ಟು. ಕಾಗದವನ್ನು ಜೇಬಿಗೆ ತುರುಕಿಕೊಂಡು ಮನೆಗೆ ಬಂದರು.

ಅಂದು ರಾತ್ರಿ ಊಟಕ್ಕೆ ಕೂತಾಗಲೂ ಅವರ ತಲೆಯಲ್ಲಿ ಆ ಕಾಗದವೇ ಇತ್ತು. ಹೆಂಡತಿ ಬಡಿಸುತ್ತ ಏನೇನೋ ಹೇಳುತ್ತಿದ್ದರು. ಹೊಲಿಗೆ ಯಂತ್ರದ ಬೆಲ್ಟು ಹರಿದಿದೆ ಎಂದರು. ಹೂಂ. ಎದುರು ಮನೆಯವರು ಮನೆ ಖಾಲಿ ಮಾಡುತ್ತಾರಂತೆ ಎಂದರು. ಹೂಂ. ಆಮೇಲೆ ಹೆಂಡತಿ ಸೌಟು ಹಿಡಿದೇ, ಅದೇ ದನಿಯಲ್ಲಿ ಹೇಳಿದರು:

"ರೀ, ಇವತ್ತು ಹಳೇ ಸಾಮಾನಿನೋರು ಬಂದಿದ್ರು. ನಿಮ್ಮನ್ನ ಕೊಟ್ಟುಬಿಟ್ಟೆ."

"ಹೂಂ," ಎಂದರು ಜಿಗಣೆಪ್ಪನವರು. "ಒಳ್ಳೇದಾಯ್ತು ಬಿಡು."

ಹೆಂಡತಿ ನಗಲೂ ಇಲ್ಲ, ಬೈಯಲೂ ಇಲ್ಲ. ಪಾತ್ರೆ ಕೆಳಗಿಟ್ಟು ಎದುರಿಗೆ ಕೂತರು.

"ಎಷ್ಟೋ ವರ್ಷದಿಂದ ಇದನ್ನೇ ಕೇಳ್ತಿದೀನಿ. ಏನು ಹೇಳಿದ್ರೂ ಹೂಂ. ಹೂಂ ಬಂತಲ್ಲ, ಸದ್ಯ, ಕೇಳಿಸ್ಕೊಂಡ್ರು ಅಂದ್ಕೊಂಡು ನಾನೂ ಸುಮ್ನಿದ್ದೆ. ಹೂಂ ಅಂತಿರೋದು ಯಾರು ಅಂತ ಒಂದು ದಿನಾನೂ ನೋಡ್ಲಿಲ್ಲ ನೋಡಿ. ತಪ್ಪು ನಂದೇ."

ಜಿಗಣೆಪ್ಪನವರ ಕೈ ತಟ್ಟೆಯಲ್ಲೇ ನಿಂತಿತು. ಹೆಂಡತಿಯ ಮಾತು ಚುಚ್ಚಿತು ಎಂಬುದು ನಿಜ. ಆದರೆ ಮೂವತ್ತು ವರ್ಷ ಪರೀಕ್ಷೆ ಮಾಡಿದ ತಲೆ, ಅದಕ್ಕೆ ಮೊದಲು ಹೊಳೆದದ್ದು ಪರೀಕ್ಷೆಯೇ. ಏನು ಕೇಳಿದರೂ ಸರಿ ಎನ್ನುವ ಉತ್ತರ ಬರುತ್ತಿದ್ದರೆ, ಉತ್ತರ ಕೊಡುತ್ತಿರುವವರು ಯಾರು? ನಲವತ್ತೊಂದು ಪರೀಕ್ಷೆಗಳೂ ಆರು ವರ್ಷದಿಂದ ಹೂಂ ಎನ್ನುತ್ತಿವೆ. ಹೂಂ ಎಂದದ್ದು ಯಾವ ಕುರಿ ಎಂದು ತಾವು ಒಂದು ದಿನವಾದರೂ ನೋಡಿದ್ದುಂಟೇ? ಅವರು ಎದ್ದು ಕೈ ತೊಳೆದರು. ಹೆಂಡತಿಗೆ ತಾವು ಏನಾದರೂ ಹೇಳಬೇಕಿತ್ತು ಎಂಬುದು ಅವರಿಗೆ ನೆನಪಾದದ್ದು ಮರುದಿನ ಬಸ್ಸಿನಲ್ಲಿ.

ಬೆಳಗ್ಗೆ ಎಲ್ಲರಿಗಿಂತ ಮೊದಲೇ ಪರೀಕ್ಷಾ ಕೋಣೆಗೆ ಹೋದರು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗೋಡೆಗುಂಟ ಮೇಜು, ಮೂಲೆಯ ಮೇಜಿನ ಕೆಳಗೆ ಪರೀಕ್ಷೆಗಳೆಲ್ಲ ನಡೆಯುವ ಹಳೆಯ ಯಂತ್ರ. ಅದರ ಮೈಮೇಲೆ ಮಾಸಿದ ಚೀಟಿ: 'ಆರಿಸಬೇಡಿ'. ಯಾರು ಅಂಟಿಸಿದರು, ಯಾಕೆ ಅಂಟಿಸಿದರು ಎಂದು ಯಾರಿಗೂ ನೆನಪಿರಲಿಲ್ಲ, ಆದ್ದರಿಂದಲೇ ಯಾರೂ ಆರಿಸಿರಲಿಲ್ಲ. ಕರೆಂಟು ಹೋದರೂ ಅದಕ್ಕೆಂದೇ ಒಂದು ಬ್ಯಾಟರಿ ಇತ್ತು.

ಜಿಗಣೆಪ್ಪನವರು ಹೊಸ ಕುರಿಯೊಂದನ್ನು ಬರೆದರು. ಅದರ ಹೊಟ್ಟೆಯಲ್ಲಿ 'ಹೊಲಿಗೆ ಯಂತ್ರದ ಬೆಲ್ಟು' ಎಂದು ಹಾಕಿದರು. ಓಡಿಸಿದರು. ಜಿಗಣೆಯನ್ನು ಬಿಟ್ಟರು. ಅಂಟಿಕೊಂಡಿತು. ಈ ಸಲ, ಆರು ವರ್ಷದಲ್ಲಿ ಮೊದಲ ಸಲ, ಅದು ಓದಿಕೊಂಡು ಬಂದದ್ದೇನೆಂದು ಕಣ್ಣು ಬಿಟ್ಟು ನೋಡಿದರು. ಪರದೆಯ ಮೇಲೆ ಬೆಲ್ಟಿನ ಸುದ್ದಿಯೇ ಇರಲಿಲ್ಲ. ಇದ್ದದ್ದು ಇಷ್ಟು:

'ಸಂಜೆ ಅಮ್ಮನಿಗೆ ಫೋನ್ ಮಾಡು.'

ಅದರ ಪಕ್ಕದಲ್ಲಿ ಕುರಿ ಎಣಿಸಿದ ಸೆಕೆಂಡುಗಳು. ಹತ್ತೊಂಬತ್ತು ಕೋಟಿಯ ಆಸುಪಾಸು.

ಜಿಗಣೆಪ್ಪನವರು ಕುರ್ಚಿಯ ಮೇಲೆ ಕೂತರು. ಅವರಿಗೆ ಆ ದಿನ ನೆನಪಿತ್ತು. ಅಮ್ಮ ಅಕ್ಕನ ಮನೆಯಲ್ಲಿದ್ದಳು. ಹಿಂದಿನ ರಾತ್ರಿ ಅವಳೇ ಫೋನ್ ಮಾಡಿ ಏನೋ ಉದ್ದಕ್ಕೆ ಹೇಳಿದ್ದಳು. ಇವರು ಕೆಲಸ ಮಾಡುತ್ತ ಹೂಂ ಹೂಂ ಎಂದು, ನಾಳೆ ಸಂಜೆ ನಾನೇ ಮಾಡ್ತೀನಮ್ಮ ಎಂದು ಇಟ್ಟುಬಿಟ್ಟಿದ್ದರು. ಮರುದಿನ ಕುರಿ ಬರೆದು, ಹೊಟ್ಟೆಯಲ್ಲಿ ಆ ಮಾತು ಹಾಕಿ, ಓಡುತ್ತದೆಯೇ ಎಂದು ನೋಡಲು ಸುಮ್ಮನೆ ಓಡಿಸಿದ್ದರು. ಹತ್ತು ನಿಮಿಷಕ್ಕೆ ಸಾಯುವ ಸಾಲನ್ನು ಇನ್ನೂ ಬರೆದಿರಲಿಲ್ಲ, ಆಮೇಲೆ ಬರೆದರಾಯಿತು ಎಂದುಕೊಂಡಿದ್ದರು. ಆಗ ಅಕ್ಕನ ಫೋನ್ ಬಂತು. ಅಮ್ಮ ಹೋದಳು ಎಂದು ಅಷ್ಟೇ ಹೇಳಿದಳು ಅಕ್ಕ. ಯಂತ್ರಕ್ಕೆ 'ಆರಿಸಬೇಡಿ' ಎಂದು ಚೀಟಿ ಅಂಟಿಸಿ, ಜಿಗಣೆಪ್ಪನವರು ಎದ್ದು ಓಡಿದ್ದರು. ಹದಿನೈದು ದಿನ ಬಿಟ್ಟು ಬಂದಾಗ ಬೋರ್ಡು ಹಸಿರಾಗಿತ್ತು. ಹಸಿರಾದದ್ದನ್ನು ಕೆದಕಿ ನೋಡುವವರು ಯಾರು?

ಆದದ್ದು ಏನೆಂದು ಅವರಿಗೆ ಒಂದೊಂದಾಗಿ ಬಿಡಿಸಿಕೊಂಡಿತು. ಒಂದೇ ಹೆಸರಿನ ಎರಡು ಪ್ರೋಗ್ರಾಂ ಓಡುತ್ತಿದ್ದರೆ ಅವರ ಡೀಬಗರ್ ವಯಸ್ಸಿಗೆ ಮರ್ಯಾದೆ ಕೊಟ್ಟು ಹಿರಿಯದನ್ನೇ ಹಿಡಿಯುತ್ತಿತ್ತು. ದಿನವೂ ಹೊಸ ಕುರಿಗಳು ಹುಟ್ಟುತ್ತಿದ್ದವು, ಆದರೆ ಜಿಗಣೆಗೆ ಮಾತ್ರ ಹಳೇ ಗಂಡನ ಪಾದವೇ ಗತಿ. ಮುದಿ ಕುರಿಗೆ ಕಚ್ಚಿ, ಅದೇ ಸಾಲು ಓದಿ, ಪಾಸು ಎಂದು ಬರೆದು ಬರುತ್ತಿತ್ತು. ಹೊಸ ಕುರಿಗಳು ಯಾರೂ ಕೇಳುವವರಿಲ್ಲದೆ ಹತ್ತು ನಿಮಿಷ ಕಾದು ಸಾಯುತ್ತಿದ್ದವು. ಈಗ ಅವರು ಮುದಿ ಕುರಿಯ ತಂಟೆಗೆ ಹೋಗದೆ, ಬೇರೆ ಹೆಸರಿಟ್ಟು ಒಂದು ಕುರಿ ಓಡಿಸಿ ಜಿಗಣೆ ಬಿಟ್ಟರು. ಅಂಟಿತು, ಬಿಟ್ಟಿತು, ಕುರಿ ಸತ್ತಿತು. ಇನ್ನೊಂದು ಓಡಿಸಿದರು. ಅದೂ ಸತ್ತಿತು. ಪಂಪಿನ ಪ್ರೋಗ್ರಾಮಿನ ಹಾಗೆ ಗಡುವು ಇಟ್ಟುಕೊಂಡು ಓಡುವುದನ್ನೇ ಜಿಗಣೆ ಬಿಡುವಾಗ ಕೊಲ್ಲುತ್ತಿತ್ತು, ಮುದಿ ಕುರಿಗೆ ಆ ಹತ್ತು ನಿಮಿಷದ ಸಾಲೇ ಇಲ್ಲದ್ದರಿಂದ ಅದೊಂದು ಬದುಕಿತ್ತು. ಹತ್ತು ಕುರಿ ಸತ್ತ ಮೇಲೆ ಜೇಬಿನ ಕಾಗದ ತೆಗೆದು ಮತ್ತೊಮ್ಮೆ ಓದಿದರು. ಪಂಪಿನಮ್ಮ ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಮೂರು ವರ್ಷ ಆ ಬರೆ ಕಾಯಿಸಿ ಕೊಟ್ಟವರು ತಾವೇ ಎಂದು ಅವರಿಗೆ ನಾಚಿಕೆಯಾಯಿತು.

ಸಾಹೇಬರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದರು. ಹೇಳುವಾಗ, ಇನ್ನೆರಡು ವರ್ಷ ಬಾಗಿಲಾಚೆ ನಡೆದುಹೋಗುತ್ತಿರುವುದು ಅವರಿಗೆ ಕಾಣುತ್ತಲೇ ಇತ್ತು. ಸಾಹೇಬರು ಪೂರ್ತಿ ಕೇಳಿಸಿಕೊಂಡರು. ಎದ್ದು ಬಾಗಿಲು ಹಾಕಿ ಬಂದರು.

"ಸದ್ಯಕ್ಕೆ ಇದು ಯಾರ್ಯಾರಿಗೆ ಗೊತ್ತು?"

"ನಂಗೆ, ನಿಮ್ಗೆ. ಆಮೇಲೆ ಕುರಿಗೆ."

"ಕುರಿ ಸತ್ರೆ ಏನಾಗುತ್ತೆ?"

"ಬೋರ್ಡು ಪೂರಾ ಕೆಂಪಾಗುತ್ತೆ ಸಾರ್."

ಸಾಹೇಬರು ಸ್ವಲ್ಪ ಹೊತ್ತು ಮೇಜಿನ ಮೇಲಿನ ಗಾಜು ಒರೆಸಿದರು. "ಹಾಗಾದ್ರೆ ಕುರಿ ಸಾಯಬಾರದು," ಎಂದರು.

ಕಂಪನಿಯಲ್ಲಿ ಒಂದು ಕುರ್ಚಿಯ ಕಾಲು ಮುರಿದರೆ ಹೊಸದು ಬರಲು ನಾಲ್ಕು ತಿಂಗಳು ಬೇಕಾಗುತ್ತಿತ್ತು. ಮುದಿ ಕುರಿಯ ಯೋಗಕ್ಷೇಮಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಸುತ್ತೋಲೆ ಹೊರಟಿತು: ಪರೀಕ್ಷಾ ಕೋಣೆಯ ಮೂಲೆಯ ಯಂತ್ರವು ಸಂಸ್ಥೆಯ 'ಸ್ಥಿರತೆಯ ಆಸ್ತಿ', ಅದನ್ನು ಮುಟ್ಟತಕ್ಕದ್ದಲ್ಲ. ಎರಡನೆಯ ಬ್ಯಾಟರಿ ಬಂತು. ಯಂತ್ರಕ್ಕೆ ಸೆಕೆಯಾಗಬಾರದೆಂದು ಫ್ಯಾನು ಬಂತು, ಅದೇ ಕೋಣೆಯಲ್ಲಿ ಕೆಲಸ ಮಾಡುವವರು ಹತ್ತು ವರ್ಷದಿಂದ ಕೇಳುತ್ತಿದ್ದ ಫ್ಯಾನು. ಕಸ ಗುಡಿಸುವ ಹೆಂಗಸಿಗೆ ಆ ಮೂಲೆ ನಿಷಿದ್ಧವಾಯಿತು. ಒಬ್ಬ ಕಾವಲುಗಾರನನ್ನು ಕುರ್ಚಿ ಹಾಕಿ ಕೂರಿಸಿ, ಗಂಟೆಗೊಮ್ಮೆ ಪುಸ್ತಕದಲ್ಲಿ 'ಓಡುತ್ತಿದೆ' ಎಂದು ಬರೆಯಲು ಹೇಳಿದರು. ಕುರಿ ಎನ್ನುವುದು ಏನು, ಅದು ಎಲ್ಲಿ ಓಡುತ್ತದೆ ಎಂದು ಅವನಿಗೆ ಯಾರೂ ಹೇಳಲಿಲ್ಲ. ಅವನೂ ಕೇಳಲಿಲ್ಲ. ಯಂತ್ರದ ಮೇಲಿನ ದೀಪ ಉರಿಯುತ್ತಿದ್ದರೆ ಬರೆಯುವುದು ಎಂದು ತಾನೇ ತೀರ್ಮಾನಿಸಿಕೊಂಡ.

ಪಂಪಿನಮ್ಮನ ವಿಷಯ ಏನು ಮಾಡುವುದೆಂದು ಜಿಗಣೆಪ್ಪನವರು ಬುಧವಾರ ಮತ್ತೆ ಹೋಗಿ ಕೇಳಿದರು. ಬಿಡುಗಡೆ ಮುಗಿಯಲಿ, ಆಮೇಲೆ ಒಂದು ಸಮಿತಿ ಮಾಡೋಣ ಎಂದರು ಸಾಹೇಬರು. ಶುಕ್ರವಾರ ಬೆಳಗ್ಗೆಯೇ ಆಕೆಯ ವಿಚಾರಣೆ ಎಂದು ಇವರು ನೆನಪಿಸಿದಾಗ, ಸಾಹೇಬರು ಬಹಳ ಮೃದುವಾಗಿ, ನಿಮ್ಮ ಮುಂದುವರಿಕೆಯ ಕಾಗದಕ್ಕೂ ನಾನು ಸಹಿ ಮಾಡುವುದು ಶುಕ್ರವಾರವೇ ಎಂದರು. ಜಿಗಣೆಪ್ಪನವರು ಹೂಂ ಎಂದು ಎದ್ದು ಬಂದರು. ಬಾಗಿಲ ಹೊರಗೆ ನಿಂತಾಗ ಅವರಿಗೆ ತಮ್ಮ ಹೂಂ ತಮಗೇ ಕೇಳಿಸಿತು. ಅದು ಹಿಂದೆಂದೂ ಆಗಿರಲಿಲ್ಲ.

ಗುರುವಾರ ಮಧ್ಯಾಹ್ನ ಮುಂಬಾಗಿಲ ಹಜಾರದಲ್ಲಿ, ಬೋರ್ಡಿನ ಕೆಳಗೇ ಸಭೆ. ಮೇಜಿನ ಮೇಲೆ ಬಟ್ಟಲು, ಅದರ ಮೇಲೆ 'ಆರು ವರ್ಷ, ಒಂದೂ ಕೆಂಪಿಲ್ಲ' ಎಂದು ಕೊರೆಸಿದ ಅಕ್ಷರ. ಹೊರಗಿನ ಅತಿಥಿಗಳು ಬಂದಿದ್ದರು. ಸಾಹೇಬರು ಅರ್ಧ ಗಂಟೆ ಮಾತಾಡಿದರು. ಗುಣಮಟ್ಟ ಎಂಬ ಪದ ಎಷ್ಟು ಸಲ ಬಂತೆಂದು ಹಿಂದಿನ ಸಾಲಿನವರು ಬೆರಳು ಮಡಿಚಿ ಎಣಿಸುತ್ತಿದ್ದರು, ಬೆರಳು ಸಾಲದೆ ಬಿಟ್ಟರು. ಕೊನೆಗೆ, ಅತಿಥಿಗಳ ಕಣ್ಣೆದುರೇ ಪರೀಕ್ಷೆ ನಡೆಸಿ ತೋರಿಸಲು ಜಿಗಣೆಪ್ಪನವರನ್ನು ಕರೆದರು. ಅವರ ಮುಂದೊಂದು ಸಣ್ಣ ಪರದೆ ಇಟ್ಟಿದ್ದರು. ಅದರಲ್ಲಿ ನಡೆಯುವುದು ಅವರಿಗೆ ಮಾತ್ರ ಕಾಣುತ್ತಿತ್ತು.

ಅವರು ಜಿಗಣೆ ಬಿಟ್ಟರು. ಮುದಿ ಕುರಿಗೆ ಹೋಗಿ ಕಚ್ಚಿಕೊಂಡಿತು. ಸಾಲು ಬಂತು. 'ಸಂಜೆ ಅಮ್ಮನಿಗೆ ಫೋನ್ ಮಾಡು.' ಅದರ ಕೆಳಗೆ, ಎಂದಿನಂತೆ, ಡೀಬಗರ್ ಕೇಳಿತು: ಬಿಡಲೇ, ಕೊಲ್ಲಲೇ?

ಜಿಗಣೆಪ್ಪನವರ ಬೆರಳು ಏಳಲಿಲ್ಲ. ಎರಡು ವರ್ಷದ ಯೋಚನೆ ಅವರಿಗೆ ಆಗ ಬರಲೇ ಇಲ್ಲ, ಇದನ್ನು ನಂಬಬೇಕು. ಬಂದದ್ದು ಬೇರೆ. ಇಡೀ ಲೋಕದಲ್ಲಿ ಆ ದಿನದ ಸಂಜೆ ಇನ್ನೂ ಆಗದೆ ಉಳಿದಿದ್ದ ಜಾಗ ಅದೊಂದೇ. ಅಲ್ಲಿ ಅಮ್ಮ ಇನ್ನೂ ಇದ್ದಳು, ಫೋನಿಗೆ ಕಾದಿದ್ದಳು, ಮಗನಿಗೆ ಇನ್ನೂ ಸಮಯವಿತ್ತು. ಕೊಂದರೆ ಆ ಸಂಜೆಯೂ ಆಗಿಹೋಗುತ್ತದೆ. ಬಿಟ್ಟರೆ ಅದು ಹಾಗೇ ಓಡುತ್ತದೆ. ನಾಳೆ ಬೆಳಗ್ಗೆ ಅಲ್ಲೊಬ್ಬ ಹೆಣ್ಣುಮಗಳು ಇವರ ಹತ್ತು ಸಹಿಗಳ ಮುಂದೆ ನಿಂತಿರುತ್ತಾಳೆ. ಅಮ್ಮ ಇದ್ದಿದ್ದರೆ ಏನು ಹೇಳುತ್ತಿದ್ದಳೋ ಅವರಿಗೆ ಗೊತ್ತಿಲ್ಲ. ಅವಳು ಹೇಳಿದ್ದನ್ನು ಅವರು ಯಾವತ್ತು ಕೇಳಿಸಿಕೊಂಡಿದ್ದರು?

ಕೊಲ್ಲು ಎಂದು ಒತ್ತಿದರು. ಆಮೇಲೆ ನಲವತ್ತೊಂದು ಪರೀಕ್ಷೆಗಳನ್ನೂ ಹೊಸ ಕುರಿಗಳ ಮೇಲೆ ಓಡಿಸಿದರು.

ಮೊದಲ ಚೌಕ ಕೆಂಪಾದಾಗ ಅತಿಥಿಗಳು ಚಪ್ಪಾಳೆ ತಟ್ಟಿದರು, ಅಲಂಕಾರವೆಂದುಕೊಂಡು. ಹತ್ತಾದಾಗ ನಿಲ್ಲಿಸಿದರು. ನಲವತ್ತೊಂದೂ ಕೆಂಪಾದಾಗ ಹಜಾರವೆಲ್ಲ ಕೆಂಪು ಬೆಳಕಾಗಿ, ಸಾಹೇಬರ ಬಿಳಿ ಅಂಗಿಯೂ ಕೆಂಪಾಯಿತು. ಆರು ವರ್ಷದಿಂದ ಕೆಂಪನ್ನೇ ಕಾಣದ ಆಫೀಸು, ಅದಕ್ಕೆ ತಟ್ಟನೆ ಹೊಳೆದದ್ದು ಒಂದೇ: ಬೋರ್ಡು ಕೆಟ್ಟಿದೆ. ಸಾಹೇಬರು ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಅವನು ಏಣಿ ಹಾಕಿ ಹತ್ತಿ, ಹಿಂದೆ ಮುಂದೆ ತಟ್ಟಿ, ತಂತಿ ಎಳೆದು ನೋಡಿ, ಕೆಳಗಿಳಿದು ಏಣಿ ಮಡಿಚಿದ.

"ಬೋರ್ಡು ಸರಿ ಇದೆ ಸಾರ್," ಎಂದರು ಜಿಗಣೆಪ್ಪನವರು, ಎಲ್ಲರಿಗೂ ಕೇಳುವ ಹಾಗೆ. "ಆರು ವರ್ಷದಲ್ಲಿ ಇವತ್ತೇ ಸರಿ ಇರೋದು."

ಅಲ್ಲಿಂದ ಎದ್ದು ತಮ್ಮ ಮೇಜಿಗೆ ಹೋಗಿ ಒಂದು ಕಾಗದ ಬರೆದರು. ಅಂಚೆಗೆ ಹಾಕಿದರೆ ಶುಕ್ರವಾರಕ್ಕೆ ಮುಟ್ಟುವುದಿಲ್ಲವೆಂದು ಬಸ್ಸು ಹತ್ತಿ, ಎರಡು ಕಡೆ ಇಳಿದು ಹತ್ತಿ, ನೀರು ಸರಬರಾಜು ಕಚೇರಿಗೆ ತಾವೇ ಹೋದರು. ಪಂಪಿನಮ್ಮ ಅವರೆಣಿಸಿದಂತೆ ಜಗಳಗಂಟಿಯಾಗಿರಲಿಲ್ಲ. ಕನ್ನಡಕದ, ನಿದ್ದೆಗೆಟ್ಟ, ನಲವತ್ತರ ಆಚೀಚಿನ ಹೆಂಗಸು. ಪಂಪುಗಳ ಸದ್ದಿಗೆ ಮೇಜಿನ ಮೇಲಿನ ಲೋಟ ಸಣ್ಣಗೆ ನಡುಗುತ್ತಿದ್ದ ಕೋಣೆಯಲ್ಲಿ ಕೂತು ಆಕೆ ಕಾಗದವನ್ನು ಎರಡು ಸಲ ಓದಿದರು. ದೋಷ ಡೀಬಗರಿನದೇ, ಪರೀಕ್ಷೆಗಳು ಆರು ವರ್ಷದಿಂದ ತಪ್ಪು, ಹಿಂದಿನ ಹತ್ತೂ ಉತ್ತರಗಳನ್ನು ನೋಡದೆ ಬರೆದದ್ದು ಎಂದು ಅದರಲ್ಲಿತ್ತು.

"ಆರು ವರ್ಷ ಯಾರೂ ನೋಡ್ಲೇ ಇಲ್ವಾ?" ಎಂದು ಕೇಳಿದರು.

"ನೋಡಬೇಕಾಗಿದ್ದೋನು ನಾನೇ ಮೇಡಂ. ನೋಡ್ಲಿಲ್ಲ."

ಆಕೆ ಬೈಯುತ್ತಾರೆಂದು ಇವರು ಕಾದರು. ಆಕೆ ಪೆನ್ನು ಮುಂದೆ ತಳ್ಳಿ, ಕೆಳಗೆ ತಾರೀಕು ಹಾಕಿ ಎಂದರು. ಹನ್ನೊಂದನೆಯ ಸಹಿಗೆ ತಾರೀಕು ಹಾಕಿ ಜಿಗಣೆಪ್ಪನವರು ಹೊರಬಂದರು.

ಆಮೇಲಿನದನ್ನು ಈಗಲೇ ಹೇಳಿ ಮುಗಿಸುತ್ತೇನೆ. ಆ ಕಾಗದದಿಂದ ಪಂಪಿನಮ್ಮನ ಕೆಲಸ ಉಳಿಯಿತು. ಡೀಬಗರಿನಲ್ಲಿ ದೋಷವೇ ಇಲ್ಲವೆಂದು ಆರು ವರ್ಷ ಆಣೆ ಮಾಡಿದವರು ಅದನ್ನು ಒಂಬತ್ತು ದಿನದಲ್ಲಿ ಸರಿಪಡಿಸಿದರು. ಜಿಗಣೆಪ್ಪನವರಿಗೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಎರಡು ವರ್ಷ ಹೋಯಿತು, ಸ್ಥಿರತೆಯ ಆಸ್ತಿಯನ್ನು ನಾಶಪಡಿಸಿದ್ದಕ್ಕೆ ಎಚ್ಚರಿಕೆಯ ಪತ್ರ ಬಂತು. ಕೊರೆಸಿಟ್ಟ ಬಟ್ಟಲು ಸುಮ್ಮನೆ ಹಾಳಾಗಬಾರದೆಂದು ಅದನ್ನು ಕಾವಲುಗಾರನಿಗೆ ಕೊಟ್ಟರು. ಅವನ ಪುಸ್ತಕ ಅಷ್ಟು ಅಚ್ಚುಕಟ್ಟಾಗಿತ್ತು. ಕುರಿ ಸತ್ತ ಗುರುವಾರವೂ ಸಂಜೆ ಆರರವರೆಗೆ ಗಂಟೆಗೊಂದರಂತೆ, ಒಂದು ಚಿತ್ತೂ ಇಲ್ಲದೆ, 'ಓಡುತ್ತಿದೆ', 'ಓಡುತ್ತಿದೆ' ಎಂದು ಬರೆದಿದ್ದ.

ಅದೆಲ್ಲ ಆಮೇಲಿನ ಮಾತು. ಆ ಗುರುವಾರ ಸಂಜೆ ಜಿಗಣೆಪ್ಪನವರು ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಕೈಯಲ್ಲಿ ಹೊಲಿಗೆ ಯಂತ್ರದ ಬೆಲ್ಟಿತ್ತು. ಹೆಂಡತಿ ಅದನ್ನು ನೋಡಿದರು, ಅವರನ್ನು ನೋಡಿದರು, ಬೆಲ್ಟನ್ನು ಚಕ್ರಕ್ಕೆ ಹಾಕಿ ನೋಡಿದರು. ಅಳತೆ ಸರಿಯಾಗಿತ್ತು. ಮುಂದಿನ ತಿಂಗಳಿಂದ ತಾವು ಮನೆಯಲ್ಲೇ ಎಂದು ಅವರು ಹೇಳಿದಾಗ, ಹೆಂಡತಿ ಬಟ್ಟೆಯ ರಾಶಿಯನ್ನು ಆಚೆ ಸರಿಸಿ ಕಿಟಕಿಯ ಪಕ್ಕ ಒಂದು ಕುರ್ಚಿಗೆ ಜಾಗ ಮಾಡಿದರು. ಜಿಗಣೆಪ್ಪನವರು ಅಲ್ಲಿ ಕೂತು ಅಕ್ಕನಿಗೆ ಫೋನ್ ಮಾಡಿದರು.

ಅಕ್ಕನಿಗೆ ಗಾಬರಿಯಾಯಿತು. ಯಾರಾದರೂ ಹೋದರೇನೋ ಎಂದು ಮೊದಲು ಕೇಳಿದಳು. ಇಲ್ಲವೆಂದ ಮೇಲೆ ಸಮಾಧಾನವಾಗಿ, ತನ್ನ ಮಂಡಿ ನೋವು, ಸೊಸೆಯ ಹೊಸ ಕೆಲಸ ಎಂದು ಶುರುಮಾಡಿ, ಅಲ್ಲಿಂದ ಅಮ್ಮನ ಕಡೆಗೆ ಬಂದಳು. ಆ ಕೊನೆಯ ರಾತ್ರಿ ಅಮ್ಮ ಫೋನಿಟ್ಟ ಮೇಲೆ ಏನು ಹೇಳಿದಳು ಎಂದು ಅವಳು ಹಿಂದೆಯೂ ಎಷ್ಟೋ ಸಲ ಹೇಳಿರಬೇಕು. ಜಿಗಣೆಪ್ಪನವರು ಅದನ್ನು ಕೇಳಿಸಿಕೊಂಡದ್ದು ಅದೇ ಮೊದಲು. ಪಾಪ, ಕೆಲಸದಲ್ಲಿದಾನೆ, ಅವನ ದನಿ ಕೇಳಿದ್ನಲ್ಲ, ಅಷ್ಟು ಸಾಕು ಅಂದಳಂತೆ. ಅವರು ಫೋನನ್ನು ಕಿವಿಗೆ ಒತ್ತಿಕೊಂಡು, ತುಟಿ ಎರಡು ಮಾಡದೆ ಕೂತಿದ್ದರು. ಅಕ್ಕನ ಮಾತು ಒಮ್ಮೆಲೇ ನಿಂತಿತು.

"ಏನೋ, ಇದೀಯಾ? ಲೈನ್ ಹೋಯ್ತಾ?"

"ಇದೀನಿ ಅಕ್ಕ."

"ಹೂಂ ಅನ್ಲೇ ಇಲ್ವಲ್ಲೋ, ಅದಕ್ಕೆ ಕೇಳ್ದೆ," ಎಂದಳು ಅಕ್ಕ.